ನಡುಗದ ಗೆರೆ

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯಲ್ಲಿ ೭೮ ವರ್ಷ ವಯಸ್ಸಿನ ಅಜ್ಜಿಯೊಬ್ಬರಿದ್ದಾರೆ. ಮದುವೆಯಾಗಿ ಆ ಮನೆಯ ಹೊಸ್ತಿಲನ್ನು ತುಳಿದ ದಿನದಿಂದ ಬಾಗಿಲ ಮುಂದಿನ ರಂಗವಲ್ಲಿ ಅವರ ಪಾಲಿನದಾಗಿತ್ತು. ಬೆಳಗ್ಗೆ ನೀರು ಚಿಮುಕಿಸಿ, ಸೊಂಟ ಬಗ್ಗಿಸಿ, ಹೆಬ್ಬೆರಳು ತೋರುಬೆರಳುಗಳ ಸಂದಿನಿಂದ ಪುಡಿಯನ್ನು ಬಿಟ್ಟರೆಂದರೆ ಎಳೆಯು ಎಲ್ಲಿಯೂ ತುಂಡಾಗದೆ, ಎಲ್ಲಿಯೂ ದಪ್ಪವಾಗದೆ ಸರಾಗವಾಗಿ ಹರಿಯುತ್ತಿತ್ತು. ಧನುರ್ಮಾಸದಲ್ಲಿ ನೆರೆಹೊರೆಯವರು ಅವರ ಅಂಗಳವನ್ನು ನೋಡಿ ಹೋಗಲೆಂದೇ ಆ ಬೀದಿಯಲ್ಲಿ ಹಾದುಹೋಗುವುದುಂಟಾಗಿತ್ತು. ಆದರೆ ಎರಡು ವರ್ಷಗಳಿಂದ ಅಜ್ಜಿಯ ಬಲಗೈ ನಡುಗತೊಡಗಿದೆ. ಚುಕ್ಕಿ ಇಡಲು ಹೋದರೆ ಪುಡಿ ಚೆಲ್ಲುತ್ತದೆ. ಎಳೆ ಎಳೆಯಲು ಹೋದರೆ ಅದು ಹಾವಿನಂತೆ ಹೊರಳುತ್ತದೆ. ಈಗ ಸೊಸೆಯೇ ಹೊಸ್ತಿಲಿಗೆ ಎರಡೆಳೆ ಎಳೆದು ಕಚೇರಿಗೆ ಓಡುತ್ತಾಳೆ. ಅಜ್ಜಿ ಬೆಳಗಿನ ಹೊತ್ತು ಅಂಗಳದ ಕಡೆಗೆ ಬರುವುದನ್ನೇ ನಿಲ್ಲಿಸಿದ್ದಾರೆ.

ಅದೇ ಮನೆಯಲ್ಲಿ ಹತ್ತು ವರ್ಷದ ಮೊಮ್ಮಗಳೊಬ್ಬಳಿದ್ದಾಳೆ. ಬೇಸಗೆಯ ರಜೆಯ ಒಂದು ಮಧ್ಯಾಹ್ನ ಅವಳು ಗಣಕಯಂತ್ರದ ಮುಂದೆ ಕುಳಿತು ಚಿತ್ರ ಬರೆಯುತ್ತಿದ್ದಳು. ಮೌಸನ್ನು ಹಿಡಿದು ಒಂದು ಮನೆ ಬರೆಯಹೊರಟರೆ ಗೋಡೆ ಓರೆಯಾಯಿತು, ಮಾಡು ಅಲೆಯಲೆಯಾಯಿತು, ಮೇಲೆ ಮೂಡಿದ ಸೂರ್ಯನು ಹಲಸಿನಕಾಯಿಯಂತಾದನು.

“ಅಜ್ಜೀ, ಇಲ್ಲಿ ನೋಡು! ನನ್ನ ಕೈ ನಡುಗೋದೇ ಇಲ್ಲ. ಆದರೂ ಗೆರೆ ನಡುಗುತ್ತೆ!”

ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು ಕ್ಷಣಕಾಲ ತೆರೆಯನ್ನು ದಿಟ್ಟಿಸಿದರು. “ಚುಕ್ಕಿ ಇಡದೆ ಎಳೆ ಎಳೆಯೋಕೆ ಹೋಗಿದ್ದೀಯ, ಪುಟ್ಟೀ. ಇನ್ನು ಹೇಗೆ ನೆಟ್ಟಗೆ ಬರುತ್ತೆ?” ಎಂದರು.

ಗಣಕಯಂತ್ರವನ್ನು ಒಮ್ಮೆಯೂ ಮುಟ್ಟಿರದ ಅಜ್ಜಿ ಸಹಜವಾಗಿ ಆಡಿದ ಈ ಮಾತಿನಲ್ಲಿ, ಗಣಕಚಿತ್ರವಿದ್ಯೆಯ ಅರವತ್ತು ವರ್ಷಗಳಿಗೂ ಮಿಕ್ಕ ಇತಿಹಾಸದ ತಿರುಳೇ ಅಡಗಿತ್ತು. ಯಂತ್ರದ ತೆರೆಯ ಮೇಲೆ ಒಂದು ನೆಟ್ಟಗಿನ ಗೆರೆ, ಒಂದು ದುಂಡನೆಯ ವೃತ್ತ, ಒಂದು ಹದವಾದ ಬಾಗು ಮೂಡಬೇಕಾದರೆ ಬುದ್ಧಿವಂತರಾದ ಅನೇಕರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಅವರೆಲ್ಲರೂ ಕೊನೆಗೆ ಕಂಡುಕೊಂಡ ಸತ್ಯ ಇದೇ: ಚುಕ್ಕಿಯನ್ನು ಸರಿಯಾಗಿ ಇಟ್ಟರೆ ಎಳೆಯ ಚಿಂತೆ ಅರ್ಧ ತೀರಿದಂತೆ.

ತೆರೆಯ ಮೇಲೆ ಗೆರೆಯೇ ಇಲ್ಲ

ರೇಖೆಗೆ ಉದ್ದವುಂಟು, ಅಗಲವಿಲ್ಲವೆಂದು ಗ್ರೀಕ್ ಗಣಿತಜ್ಞನಾದ ಯೂಕ್ಲಿಡನು ಎರಡು ಸಾವಿರದ ಮುನ್ನೂರು ವರ್ಷಗಳಷ್ಟು ಹಿಂದೆಯೇ ಹೇಳಿಟ್ಟನು. ಶಾಲೆಯಲ್ಲಿ ರೇಖಾಗಣಿತ ಕಲಿತ ಎಲ್ಲರಿಗೂ ಇದು ತಿಳಿದ ವಿಷಯ. ಗಣಕಯಂತ್ರದ ತೆರೆಗೆ ಮಾತ್ರ ಈ ರೇಖೆಯ ಪರಿಚಯವೇ ಇಲ್ಲ. ಅಲ್ಲಿರುವುದು ಚುಕ್ಕಿಗಳು ಮಾತ್ರ. ಪಿಕ್ಸೆಲ್ ಎಂದು ಕರೆಯಲ್ಪಡುವ ಈ ಚುಕ್ಕಿಗಳು ಚದುರಂಗದ ಮಣೆಯ ಮನೆಗಳಂತೆ ಸಾಲುಸಾಲಾಗಿ ಕುಳಿತಿವೆ. ಇಂದು ಬಹು ಮನೆಗಳಲ್ಲಿ ಕಾಣುವ ತೆರೆಯೊಂದರಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕಿಗಳಿರುತ್ತವೆ, ಒಟ್ಟು ೨೦,೭೩,೬೦೦. ಪ್ರತಿಯೊಂದು ಚುಕ್ಕಿಗೂ ಒಂದು ಬಣ್ಣವನ್ನು ಹಚ್ಚಬಹುದು. ಆದರೆ ಒಂದು ಚುಕ್ಕಿಯನ್ನು ಓರೆಯಾಗಿ ಸೀಳಿ ಅರ್ಧಕ್ಕೆ ಮಾತ್ರ ಬಣ್ಣ ಹಚ್ಚುವಂತಿಲ್ಲ.

ಅಡ್ಡಗೆರೆಯನ್ನೋ ನೆಟ್ಟಗೆ ನಿಂತ ಗೆರೆಯನ್ನೋ ಎಳೆಯುವುದು ಯಂತ್ರಕ್ಕೆ ಸುಲಭ. ಒಂದು ಸಾಲನ್ನು ಹಿಡಿದು ಬಣ್ಣ ಹಚ್ಚಿಕೊಂಡು ಹೋದರಾಯಿತು. ತೊಡಕು ಬರುವುದು ಓರೆಗೆರೆಯಲ್ಲಿ. ಚೌಕಾಕಾರದ ಕಲ್ಲುಗಳನ್ನು ಹಾಸಿದ ಪಡಸಾಲೆಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಒಂದು ಮೂಲೆಯಿಂದ ಎದುರು ಗೋಡೆಯ ಮಧ್ಯಕ್ಕೆ ಒಂದು ಗೆರೆ ಹೋಗಬೇಕು. ಆದರೆ ಯಾವ ಕಲ್ಲನ್ನೂ ಕತ್ತರಿಸಕೂಡದು, ಇಡಿಯ ಕಲ್ಲುಗಳಿಗೇ ಬಣ್ಣ ಬಳಿಯಬೇಕು. ಆಗ ಗೆರೆಯು ಮೆಟ್ಟಿಲಾಗುತ್ತದೆ. ಎಲ್ಲಿ ಅದೇ ಸಾಲಿನಲ್ಲಿ ಮುಂದುವರಿಯಬೇಕು, ಎಲ್ಲಿ ಒಂದು ಸಾಲು ಮೇಲೇರಬೇಕು ಎಂಬುದನ್ನು ಹೆಜ್ಜೆಹೆಜ್ಜೆಗೂ ನಿರ್ಧರಿಸಬೇಕಾಗುತ್ತದೆ. ನಿರ್ಧಾರ ಸರಿಯಾದರೆ ದೂರದಿಂದ ನೋಡುವ ಕಣ್ಣಿಗೆ ಮೆಟ್ಟಿಲು ಮರೆಯಾಗಿ ಗೆರೆ ಕಾಣುತ್ತದೆ; ತಪ್ಪಿದರೆ ಗೆರೆ ಕುಂಟುತ್ತದೆ.

ಸಾಲದ ಲೆಕ್ಕದಿಂದ ಹುಟ್ಟಿದ ಗೆರೆ

ಈ ಸಮಸ್ಯೆಗೆ ಸೊಗಸಾದ ಪರಿಹಾರವೊಂದನ್ನು ೧೯೬೨ರಲ್ಲಿ ಕಂಡುಹಿಡಿದವನು ಜ್ಯಾಕ್ ಬ್ರೆಸೆನ್‌ಹ್ಯಾಮ್. ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಅವನು ಕೆಲಸ ಮಾಡುತ್ತಿದ್ದನು. ಅವನ ಮುಂದಿದ್ದುದು ತೆರೆಯಲ್ಲ. ಕಾಗದದ ಮೇಲೆ ಲೇಖನಿಯನ್ನು ಓಡಿಸಿ ನಕ್ಷೆ ಬರೆಯುವ ಒಂದು ಯಂತ್ರ. ಆ ಲೇಖನಿಗೆ ಅಡ್ಡಕ್ಕೆ, ಉದ್ದಕ್ಕೆ ಮತ್ತು ಮೂಲೆಗೆ ಒಂದೊಂದು ಪುಟ್ಟ ಹೆಜ್ಜೆಯನ್ನು ಇಡುವುದಷ್ಟೇ ಗೊತ್ತಿತ್ತು. ಅಂದಿನ ಗಣಕಯಂತ್ರಗಳಿಗೆ ಭಾಗಾಕಾರ, ದಶಮಾಂಶಗಳೆಂದರೆ ಬಹಳ ಹೊತ್ತು ಹಿಡಿಯುವ ಕೆಲಸ. ಆದ್ದರಿಂದ ಪೂರ್ಣಸಂಖ್ಯೆಗಳನ್ನು ಕೂಡಿ ಕಳೆದೇ ಓರೆಗೆರೆಯನ್ನು ಎಳೆಯುವ ಉಪಾಯ ಬೇಕಾಗಿತ್ತು.

ಬ್ರೆಸೆನ್‌ಹ್ಯಾಮನ ಉಪಾಯವನ್ನು ಮೂಲೆ ಅಂಗಡಿಯ ಕಡದ ಪುಸ್ತಕಕ್ಕೆ ಹೋಲಿಸಬಹುದು. ಗೆರೆಯು ಬಲಕ್ಕೆ ೭ ಮನೆ ಹೋಗುವಷ್ಟರಲ್ಲಿ ಮೇಲಕ್ಕೆ ೩ ಮನೆ ಏರಬೇಕೆಂದು ಇಟ್ಟುಕೊಳ್ಳೋಣ. ಬಲಕ್ಕೆ ಇಟ್ಟ ಪ್ರತಿ ಹೆಜ್ಜೆಗೂ ೩ ರೂಪಾಯಿ ಸಾಲವೆಂದು ಬರೆದುಕೊಳ್ಳಬೇಕು. ಸಾಲವು ೭ರ ಅರ್ಧವನ್ನು, ಎಂದರೆ ಮೂರೂವರೆಯನ್ನು ಮೀರಿದ ಕೂಡಲೇ ಒಂದು ಮನೆ ಮೇಲೇರಿ ೭ ರೂಪಾಯಿ ತೀರಿಸಿಬಿಡಬೇಕು. ಮೊದಲನೆಯ ಹೆಜ್ಜೆಗೆ ಸಾಲ ೩, ಏರುವಂತಿಲ್ಲ. ಎರಡನೆಯದಕ್ಕೆ ೬, ಏರಬೇಕು. ಆರರಲ್ಲಿ ಏಳನ್ನು ತೀರಿಸಿದರೆ ಅಂಗಡಿಯವನೇ ೧ ರೂಪಾಯಿ ಹಿಂದಕ್ಕೆ ಕೊಡಬೇಕಾಗುತ್ತದೆ. ಮೂರನೆಯ ಹೆಜ್ಜೆಗೆ ೩ ಸೇರಿ ಸಾಲ ೨, ಸುಮ್ಮನಿರಬೇಕು. ನಾಲ್ಕನೆಯದಕ್ಕೆ ೫, ಏರಬೇಕು. ಹೀಗೆಯೇ ಮುಂದುವರಿದರೆ ಎರಡನೆಯ, ನಾಲ್ಕನೆಯ, ಆರನೆಯ ಹೆಜ್ಜೆಗಳಲ್ಲಿ ಏರಿ, ಏಳನೆಯ ಹೆಜ್ಜೆಗೆ ಸಾಲವು ಸೊನ್ನೆಯಾಗಿ, ಗೆರೆಯು ಮುಟ್ಟಬೇಕಾದ ಚುಕ್ಕಿಯನ್ನು ಮುಟ್ಟಿರುತ್ತದೆ. ಮೂರೂವರೆಯ ಅರೆಯೂ ಬೇಡವೆಂದರೆ ಎಲ್ಲ ಅಂಕೆಗಳನ್ನೂ ಇಮ್ಮಡಿ ಮಾಡಿಕೊಂಡರೆ ಸಾಕು. ಬರಿಯ ಪೂರ್ಣಸಂಖ್ಯೆಗಳೇ ಉಳಿಯುತ್ತವೆ. ಚೌಕಳಿ ಕಾಗದವೊಂದನ್ನು ತೆಗೆದುಕೊಂಡು ಮಕ್ಕಳು ಇದನ್ನು ಮಾಡಿ ನೋಡಬಹುದು.

ಈ ವಿಧಾನ ೧೯೬೫ರಲ್ಲಿ ಐಬಿಎಂ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಣಕಚಿತ್ರವಿದ್ಯೆಯನ್ನು ಕಲಿಯುವ ವಿದ್ಯಾರ್ಥಿಗಳಿಗೆ ಇಂದಿಗೂ ಇದು ಮೊದಲ ಪಾಠಗಳಲ್ಲೊಂದು. ಮೆಟ್ಟಿಲಿನ ಅಂಚುಗಳಿಗೆ ಬೂದುಬಣ್ಣದ ತೆಳುಛಾಯೆಯನ್ನು ಕೊಟ್ಟು ಗೆರೆಯನ್ನು ಇನ್ನಷ್ಟು ನಯಗೊಳಿಸುವ ಉಪಾಯಗಳು ಅನಂತರ ಬಂದವು. ಆದರೆ ಮೂಲದ ಮಾತು ಬದಲಾಗಲಿಲ್ಲ: ಎರಡು ತುದಿಗಳ ಚುಕ್ಕಿಯನ್ನು ಮನುಷ್ಯ ತೋರಿಸಬೇಕು, ನಡುವಿನ ದಾರಿಯನ್ನು ಯಂತ್ರ ಹುಡುಕಿಕೊಳ್ಳಬೇಕು.

ಬೆಸಸಂಖ್ಯೆಗಳ ವೃತ್ತ

ಗೆರೆಯ ಕಥೆ ಹೀಗಾದರೆ ವೃತ್ತದ ಕಥೆ ಇನ್ನೂ ರಂಜಕವಾಗಿದೆ. ವೃತ್ತವನ್ನು ಬರೆಯಲು ವರ್ಗಗಳ, ವರ್ಗಮೂಲಗಳ ಲೆಕ್ಕ ಬೇಕೆಂಬುದು ಗಣಿತ ಬಲ್ಲವರಿಗೆ ಗೊತ್ತು. ಆದರೆ ೧೯೮೧ರಲ್ಲಿ ಆ್ಯಪಲ್ ಸಂಸ್ಥೆಯ ಬಿಲ್ ಅಟ್ಕಿನ್‌ಸನ್ ಎಂಬ ತರುಣನ ಕೈಯಲ್ಲಿದ್ದ ಗಣಕಯಂತ್ರಕ್ಕೆ ವರ್ಗಮೂಲವನ್ನು ಬೇಗನೆ ತೆಗೆಯುವ ಶಕ್ತಿಯಿರಲಿಲ್ಲ. ಆಗ ಅವನ ನೆರವಿಗೆ ಬಂದುದು ಬಹು ಹಳೆಯದೊಂದು ಗಣಿತಸತ್ಯ. ಬೆಸಸಂಖ್ಯೆಗಳನ್ನು ಒಂದರ ಮುಂದೊಂದು ಕೂಡಿದರೆ ವರ್ಗಸಂಖ್ಯೆಗಳೇ ದೊರೆಯುತ್ತವೆ. ಒಂದಕ್ಕೆ ಮೂರು ಸೇರಿದರೆ ೪. ಅದಕ್ಕೆ ಐದು ಸೇರಿದರೆ ೯. ಅದಕ್ಕೆ ಏಳು ಸೇರಿದರೆ ೧೬. ಎಂದರೆ ಒಂದು ವರ್ಗದಿಂದ ಮುಂದಿನ ವರ್ಗಕ್ಕೆ ಹೋಗಲು ಗುಣಾಕಾರವೂ ಬೇಡ. ಮುಂದಿನ ಬೆಸಸಂಖ್ಯೆಯನ್ನು ಕೂಡಿದರೆ ಸಾಕು. ಈ ಉಪಾಯದಿಂದ ಅಟ್ಕಿನ್‌ಸನ್ ತೆರೆಯ ತುಂಬ ವೃತ್ತಗಳನ್ನೂ ಅಂಡವೃತ್ತಗಳನ್ನೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮೂಡಿಸಿ ತೋರಿಸಿದನು.

ಸಹೋದ್ಯೋಗಿಗಳೆಲ್ಲ ಬೆರಗಾದರು, ಸ್ಟೀವ್ ಜಾಬ್ಸ್‌ಗೆ ಮಾತ್ರ ತೃಪ್ತಿಯಾಗಲಿಲ್ಲ. ಮೂಲೆಗಳು ದುಂಡಾಗಿರುವ ಆಯತಗಳನ್ನು ಬರೆಯಲು ಸಾಧ್ಯವೇ ಎಂದು ಅವನು ಕೇಳಿದನು. ಅದು ಕಷ್ಟ, ಅದರ ಅಗತ್ಯವೂ ಇಲ್ಲವೆಂದು ಅಟ್ಕಿನ್‌ಸನ್ ವಾದಿಸಿದನು. ಜಾಬ್ಸ್ ಸುತ್ತಲಿನ ವಸ್ತುಗಳನ್ನು ತೋರಿಸಿ, ಬಳಿಕ ಅವನನ್ನು ಬೀದಿಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಬಿದ್ದ ದುಂಡುಮೂಲೆಯ ಆಯತಗಳನ್ನೆಲ್ಲ ಎಣಿಸತೊಡಗಿದನು. ವಾಹನ ನಿಲ್ಲಿಸಬಾರದೆಂಬ ಫಲಕವೊಂದು ಎದುರಾಗುವ ಹೊತ್ತಿಗೆ ಅಟ್ಕಿನ್‌ಸನ್ ಸೋಲೊಪ್ಪಿಕೊಂಡು ಮನೆಗೆ ಹೋದನು. ಮರುದಿನ ಮಧ್ಯಾಹ್ನ ಮರಳಿ ಬಂದಾಗ ಅವನ ಯಂತ್ರವು ದುಂಡುಮೂಲೆಯ ಆಯತಗಳನ್ನು ಮಿಂಚಿನ ವೇಗದಲ್ಲಿ ಬರೆಯುತ್ತಿತ್ತು. ಈ ಪ್ರಸಂಗವನ್ನು ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿಟ್ಟಿದ್ದಾನೆ. ಇಂದು ಅಂಗೈಯ ದೂರವಾಣಿಯಲ್ಲಿ ಕಾಣುವ ಚಿಹ್ನೆಗಳ ಆಕಾರವನ್ನು ನೋಡಿದವರಿಗೆ ಜಾಬ್ಸ್‌ನ ಹಟದ ಬೆಲೆ ತಿಳಿದೀತು.

ಮುಂದೆ ೧೯೮೪ರ ಜನವರಿ ೨೪ರಂದು ಮ್ಯಾಕಿಂಟಾಷ್ ಗಣಕಯಂತ್ರ ಹೊರಬಂದಾಗ ಅದರೊಡನೆ ಅಟ್ಕಿನ್‌ಸನ್ ರಚಿಸಿದ ಮ್ಯಾಕ್‌ಪೇಂಟ್ ಎಂಬ ಚಿತ್ರತಂತ್ರಾಂಶವೂ ಬಂದಿತು. ಆ ತೆರೆಯಲ್ಲಿದ್ದುದು ಅಡ್ಡಕ್ಕೆ ೫೧೨, ಉದ್ದಕ್ಕೆ ೩೪೨ ಚುಕ್ಕಿಗಳು. ಬಣ್ಣಗಳು ಕಪ್ಪು ಬಿಳುಪು ಎರಡೇ. ಎಡಬದಿಯಲ್ಲಿ ಪೆನ್ಸಿಲು, ಕುಂಚ, ರಬ್ಬರು, ಬಣ್ಣ ಸುರಿಯುವ ಡಬ್ಬ, ಗೆರೆ, ಆಯತ, ಅಂಡವೃತ್ತಗಳ ಪುಟ್ಟ ಚಿತ್ರಗಳು ಸಾಲಾಗಿ ನಿಂತಿದ್ದವು. ಚಿತ್ರಕಲೆಯ ಗಂಧವೇ ಇಲ್ಲದ ಗೃಹಸ್ಥನೂ ಅವುಗಳಲ್ಲೊಂದನ್ನು ಒತ್ತಿ ಒಂದು ನೆಟ್ಟಗಿನ ಗೆರೆಯನ್ನು ಎಳೆಯಬಲ್ಲವನಾದನು. ಅಂದಿನಿಂದ ಇಂದಿನವರೆಗೆ ಬಂದ ಚಿತ್ರತಂತ್ರಾಂಶಗಳಲ್ಲಿ ಬಹುಪಾಲು ಈ ಏರ್ಪಾಟನ್ನೇ ಅನುಸರಿಸಿವೆ. ಅಟ್ಕಿನ್‌ಸನ್ ೨೦೨೫ರ ಜೂನ್‌ನಲ್ಲಿ ತೀರಿಕೊಂಡನು. ಅವನು ಜೋಡಿಸಿಟ್ಟ ಆ ಪೆನ್ಸಿಲು, ರಬ್ಬರುಗಳು ಇನ್ನೂ ಮಕ್ಕಳ ಕೈಯಲ್ಲಿ ಆಡುತ್ತಿವೆ.

ಮರೆಯುವ ಚಿತ್ರ, ನೆನೆಯುವ ಚಿತ್ರ

ನಮ್ಮ ಮನೆಗಳಲ್ಲಿ ಹೆಚ್ಚು ಪರಿಚಿತವಾದುದು ಮೈಕ್ರೋಸಾಫ್ಟ್ ಸಂಸ್ಥೆಯ ಪೇಂಟ್. ಇದು ೧೯೮೫ರ ನವೆಂಬರಿನಲ್ಲಿ ವಿಂಡೋಸಿನ ಮೊದಲ ಆವೃತ್ತಿಯೊಡನೆಯೇ ಬಂದಿತು. ಇದರ ಬೆಳವಣಿಗೆ ಇನ್ನು ಮುಗಿಯಿತೆಂಬ ಸೂಚನೆಯನ್ನು ಸಂಸ್ಥೆಯು ೨೦೧೭ರ ಜುಲೈನಲ್ಲಿ ಕೊಟ್ಟಾಗ ಜಗತ್ತಿನ ನಾನಾ ಕಡೆಗಳಿಂದ ಆಕ್ಷೇಪಣೆ ಕೇಳಿಬಂದಿತು. ಬಾಲ್ಯದ ಒಡನಾಡಿಯನ್ನು ಕಳೆದುಕೊಂಡಂತೆ ಜನ ಮರುಗಿದರು. ಪೇಂಟ್ ಎಲ್ಲಿಗೂ ಹೋಗದೆಂದು ಸಂಸ್ಥೆಯು ಕೂಡಲೇ ಸಮಾಧಾನ ಹೇಳಬೇಕಾಯಿತು. ಅದು ಈಗಲೂ ಇದೆ.

ಆದರೆ ಪೇಂಟಿನ ಸ್ವಭಾವದಲ್ಲಿ ಒಂದು ಕೊರತೆಯುಂಟು. ಅದಕ್ಕೆ ಮರೆವು ಹೆಚ್ಚು. ಅದರಲ್ಲಿ ಒಂದು ಆಯತವನ್ನು ಬರೆದು ಬೇರೆ ಕಡೆ ಒತ್ತಿದೆವೋ, ಆ ಆಯತವು ಕರಗಿ ಬಣ್ಣ ಹತ್ತಿದ ಚುಕ್ಕಿಗಳಾಗಿಬಿಡುತ್ತದೆ. ಅಲ್ಲೊಂದು ಆಯತವಿತ್ತೆಂಬ ಅರಿವು ಯಂತ್ರಕ್ಕೆ ಉಳಿಯುವುದಿಲ್ಲ. ಮಾರನೆಯ ದಿನ ಬಂದು ಗೋಡೆಯನ್ನು ಸ್ವಲ್ಪ ಬಲಕ್ಕೆ ಸರಿಸಬೇಕೆಂದರೆ, ಅದರ ಹಿಂದಿನ ಆಕಾಶವೂ ಕಿತ್ತುಕೊಂಡು ಬರುತ್ತದೆ. ಚಿತ್ರವನ್ನು ಹಿಗ್ಗಿಸಿದರೆ ಗೆರೆಗಳು ಹಲ್ಲುಹಲ್ಲಾಗುತ್ತವೆ. ನೆಲದ ಮೇಲಿನ ರಂಗವಲ್ಲಿಯಂತೆಯೇ ಇದು. ಪುಡಿ ನೆಲಕ್ಕೆ ಬಿದ್ದ ಮೇಲೆ ಎಳೆಯನ್ನು ಎತ್ತಿ ಪಕ್ಕಕ್ಕಿಡುವಂತಿಲ್ಲ.

ಇದಕ್ಕೆ ಬದಲಾಗಿ, ಯಂತ್ರವು ಚುಕ್ಕಿಗಳನ್ನು ಮರೆತು ಗೆರೆಯನ್ನೇ ನೆನಪಿಟ್ಟುಕೊಂಡರೆ ಹೇಗೆ? ಆಶ್ಚರ್ಯವೆಂದರೆ ಈ ವಿಚಾರವು ಪೇಂಟಿಗಿಂತ, ಮ್ಯಾಕ್‌ಪೇಂಟಿಗಿಂತ ಎರಡು ದಶಕಗಳಷ್ಟು ಹಳೆಯದು. ಅಮೆರಿಕದ ಎಂ.ಐ.ಟಿ.ಯ ವಿದ್ಯಾರ್ಥಿಯಾಗಿದ್ದ ಐವನ್ ಸದರ್ಲೆಂಡ್ ೧೯೬೩ರ ಜನವರಿಯಲ್ಲಿ, ತನ್ನ ೨೪ನೆಯ ವಯಸ್ಸಿನಲ್ಲಿ, ಡಾಕ್ಟರೇಟ್ ಪದವಿಗಾಗಿ ಒಂದು ಪ್ರಬಂಧವನ್ನು ಒಪ್ಪಿಸಿದನು. ಅದರಲ್ಲಿ ವರ್ಣಿತವಾದ ತಂತ್ರಾಂಶದ ಹೆಸರು ಸ್ಕೆಚ್‌ಪ್ಯಾಡ್. ಕೋಣೆಯಷ್ಟು ದೊಡ್ಡದಾದ ಟಿ.ಎಕ್ಸ್.–೨ ಎಂಬ ಗಣಕಯಂತ್ರದ ಪುಟ್ಟ ತೆರೆಯ ಮುಂದೆ ಅವನು ಬೆಳಕಿನ ಲೇಖನಿಯೊಂದನ್ನು ಹಿಡಿದು ಕುಳಿತು, ತೆರೆಯ ಮೇಲೆಯೇ ಚಿತ್ರ ಬರೆಯುತ್ತಿದ್ದನು.

ಸ್ಕೆಚ್‌ಪ್ಯಾಡಿನಲ್ಲಿ ಗೆರೆಯೆಂದರೆ ಎರಡು ತುದಿಗಳ ಸಂಬಂಧ. ಒಂದು ತುದಿಯನ್ನು ನೆಟ್ಟು ಇನ್ನೊಂದನ್ನು ಎಳೆದುಕೊಂಡು ಹೋದರೆ ಗೆರೆಯು ರಬ್ಬರಿನ ದಾರದಂತೆ ಹಿಗ್ಗುತ್ತಿತ್ತು. ಈ ಎರಡು ಗೆರೆಗಳು ಸಮಾಂತರವಾಗಿರಲಿ, ಈ ನಾಲ್ಕು ಬದಿಗಳೂ ಸಮವಾಗಿರಲಿ ಎಂದು ಅಪ್ಪಣೆ ಕೊಟ್ಟರೆ, ಸೊಟ್ಟಪಟ್ಟಗಿದ್ದ ಆಕೃತಿ ತಾನಾಗಿಯೇ ನೆಟ್ಟಗಾಗುತ್ತಿತ್ತು. ಒಂದು ಮೂಲಚಿತ್ರದಿಂದ ಹತ್ತಾರು ಪ್ರತಿಗಳನ್ನು ಮಾಡಿದ್ದರೆ, ಮೂಲವನ್ನು ತಿದ್ದಿದಾಗ ಪ್ರತಿಗಳೆಲ್ಲವೂ ತಿದ್ದಿಕೊಳ್ಳುತ್ತಿದ್ದವು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಮನುಷ್ಯನ ಕೈ ಎಷ್ಟೇ ನುರಿತದ್ದಾದರೂ ಲೇಖನಿಯನ್ನು ಚುಕ್ಕಿಯ ನೆತ್ತಿಯ ಮೇಲೆಯೇ ಇಡಲಾರದು, ಕೂದಲೆಳೆಯಷ್ಟಾದರೂ ಆಚೀಚೆಯಾಗುತ್ತದೆ. ಸದರ್ಲೆಂಡ್ ಇದನ್ನು ಬಲ್ಲವನಾಗಿದ್ದನು. ಲೇಖನಿಯು ಒಂದು ಚುಕ್ಕಿಯ ಸಮೀಪಕ್ಕೆ ಬಂದರೆ ಸಾಕು, ಅದು ಆ ಚುಕ್ಕಿಯ ಮೇಲೆಯೇ ಇದೆಯೆಂದು ಸ್ಕೆಚ್‌ಪ್ಯಾಡ್ ಭಾವಿಸುತ್ತಿತ್ತು. ಕೈಯ ನಡುಕವನ್ನು ಬದಿಗಿಟ್ಟು ಮನಸ್ಸಿನ ಉದ್ದೇಶವನ್ನು ಹಿಡಿಯುವ ಈ ಔದಾರ್ಯವೇ ಮುಂದೆ ಬಂದ ಎಲ್ಲ ಒಳ್ಳೆಯ ಚಿತ್ರತಂತ್ರಾಂಶಗಳ ಜೀವಾಳವಾಯಿತು. ಸದರ್ಲೆಂಡ್‌ನಿಗೆ ೧೯೮೮ರಲ್ಲಿ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಕಾರಿನ ಮೈಯಿಂದ ಕನ್ನಡದ ಅಕ್ಷರಕ್ಕೆ

ನೆಟ್ಟಗಿನ ಗೆರೆಗೆ ಎರಡು ಚುಕ್ಕಿಗಳು ಸಾಕು. ಬಳುಕುವ ಗೆರೆಗೆ? ಈ ಪ್ರಶ್ನೆಗೆ ಉತ್ತರ ಬಂದುದು ಫ್ರಾನ್ಸಿನ ಕಾರು ಕಾರ್ಖಾನೆಗಳಿಂದ. ಕಾರಿನ ಮೈಯ ಬಾಗುಗಳನ್ನು ಮರದ ಅಚ್ಚುಗಳಿಂದಲೂ ನುರಿತ ಕುಶಲಕರ್ಮಿಗಳ ಕಣ್ಣಳತೆಯಿಂದಲೂ ನಿರ್ಧರಿಸುತ್ತಿದ್ದ ಕಾಲವದು. ಆ ಬಾಗನ್ನು ಅಂಕೆಗಳಲ್ಲಿ ಹೇಳುವ ಬಗೆಯನ್ನು ಸಿತ್ರೋಯೆನ್ ಕಂಪನಿಯ ತರುಣ ಗಣಿತಜ್ಞ ಪಾಲ್ ದ ಕಾಸ್ತೆಲ್ಜೋ ೧೯೫೯ರಲ್ಲಿ ಕಂಡುಕೊಂಡನು. ಕಂಪನಿಯು ಅದನ್ನು ಗುಟ್ಟಾಗಿರಿಸಿತು. ಪ್ರತಿಸ್ಪರ್ಧಿಯಾದ ರೆನೋ ಕಂಪನಿಯಲ್ಲಿ ಪಿಯರ್ ಬೆಜಿಯೆ ಎಂಬ ಎಂಜಿನಿಯರನು ಬೇರೊಂದು ದಾರಿಯಿಂದ ಅದೇ ಗುರಿಯನ್ನು ಮುಟ್ಟಿ, ೧೯೬೦ರ ದಶಕದಲ್ಲಿ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದನು. ವಕ್ರರೇಖೆಗೆ ಬೆಜಿಯೆಯ ಹೆಸರೇ ನಿಂತಿತು. ಮೊದಲು ಕಂಡವನ ಪಾಲಿಗೆ ಬಹುಕಾಲ ಮೌನವೇ ಉಳಿಯಿತು. ಇಂದು ಆ ರೇಖೆಯನ್ನು ಎಳೆಯುವ ವಿಧಾನಕ್ಕೆ ದ ಕಾಸ್ತೆಲ್ಜೋನ ಹೆಸರನ್ನು ಇಟ್ಟಿದ್ದಾರೆ. ೨೦೨೨ರಲ್ಲಿ ತೀರಿಕೊಂಡ ಆತನಿಗೆ ತನ್ನ ಹೆಸರು ಪಠ್ಯಪುಸ್ತಕ ಸೇರಿದುದನ್ನು ಕಾಣುವ ಭಾಗ್ಯವಾದರೂ ದೊರೆಯಿತು.

ಅವನ ವಿಧಾನ ಸರಳವಾದದ್ದು. ಕಾಗದದ ಮೇಲೆ ಮೂರು ಚುಕ್ಕಿಗಳನ್ನಿಟ್ಟು, ಮೊದಲನೆಯದರಿಂದ ಎರಡನೆಯದಕ್ಕೂ ಎರಡನೆಯದರಿಂದ ಮೂರನೆಯದಕ್ಕೂ ಗೆರೆ ಎಳೆಯಬೇಕು. ಎರಡೂ ಗೆರೆಗಳ ನಡುಮಧ್ಯೆ ಒಂದೊಂದು ಗುರುತು ಹಾಕಿ, ಆ ಗುರುತುಗಳನ್ನು ಸೇರಿಸಬೇಕು. ಹಾಗೆ ಸೇರಿಸಿದ ಗೆರೆಯ ನಡುಮಧ್ಯದ ಬಿಂದುವು ವಕ್ರರೇಖೆಯ ಮೇಲೆ ಇರುತ್ತದೆ. ನಡುಮಧ್ಯಕ್ಕೆ ಬದಲಾಗಿ ಎರಡೂ ಕಡೆ ಕಾಲುಭಾಗದಲ್ಲಿ, ಮುಕ್ಕಾಲುಭಾಗದಲ್ಲಿ ಗುರುತಿಟ್ಟು, ಸೇರಿಸಿದ ಗೆರೆಯ ಮೇಲೂ ಅದೇ ಪ್ರಮಾಣದಲ್ಲಿ ಬಿಂದುವನ್ನು ಹಿಡಿದರೆ ಉಳಿದ ಬಿಂದುಗಳೂ ದೊರೆಯುತ್ತವೆ. ಮೊದಲ ಮತ್ತು ಕೊನೆಯ ಚುಕ್ಕಿಗಳನ್ನು ಗೆರೆ ಮುಟ್ಟುತ್ತದೆ. ನಡುವಿನ ಚುಕ್ಕಿಯನ್ನು ಮುಟ್ಟದೆ, ಅದರ ಕಡೆಗೆ ಬಾಗಿ ಮುಂದೆ ಸಾಗುತ್ತದೆ. ನಡುಚುಕ್ಕಿಯನ್ನು ಸರಿಸಿದರೆ ಬಾಗೂ ಸರಿಯುತ್ತದೆ.

ಕನ್ನಡ ಓದುಗರಿಗೆ ಈ ವಿಚಾರ ದೂರದ್ದೇನಲ್ಲ. ೧೯೮೪ರಲ್ಲಿ ಅಡೋಬಿ ಸಂಸ್ಥೆಯು ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣಭಾಷೆ ಅಕ್ಷರಗಳ ಅಂಚನ್ನು ಇಂತಹ ರೇಖೆಗಳಿಂದಲೇ ವರ್ಣಿಸಿತು. ಇಂದು ಗಣಕಯಂತ್ರದಲ್ಲಿ ಬಳಕೆಯಾಗುವ ಕನ್ನಡ ಅಕ್ಷರಗಳ ಅಂಚುಗಳೂ ಬೆಜಿಯೆ ರೇಖೆಗಳಿಂದ ಕಟ್ಟಿದಂಥವೇ. ಕೋನಗಳಿಗಿಂತ ಬಾಗುಗಳೇ ಹೆಚ್ಚಾದ ಲಿಪಿ ನಮ್ಮದು. ಅಕಾರದ ಹೊಟ್ಟೆ, ಠಕಾರದ ದುಂಡು, ತಲೆಕಟ್ಟಿನ ಕೊಂಡಿ ಇವೆಲ್ಲವೂ ಕೆಲವೇ ಚುಕ್ಕಿಗಳ ನೆನಪಿನಲ್ಲಿ ಕುಳಿತಿವೆ. ಆದುದರಿಂದಲೇ ಅದೇ ಅಕ್ಷರವನ್ನು ಲಗ್ನಪತ್ರಿಕೆಯ ಮೂಲೆಗೂ ಕಲ್ಯಾಣಮಂಟಪದ ಹೆಬ್ಬಾಗಿಲಿಗೂ ಹಲ್ಲುಹಲ್ಲಾಗದಂತೆ ಅಚ್ಚಿಸಬಹುದು.

ಮನೆಯಲ್ಲಿ ಮಾಡಿ ನೋಡಲು

ಚಿತ್ರ ಬರೆಯುವ ಹಂಬಲವುಳ್ಳ ಮಕ್ಕಳಿಗೆ ಪೇಂಟಿನಿಂದಲೇ ಆರಂಭ ಮಾಡಿಸಬಹುದು. ಪೆನ್ಸಿಲನ್ನು ಬಿಟ್ಟು ಗೆರೆಯ ಉಪಕರಣವನ್ನು ಆರಿಸಿ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಎಳೆದರೆ ಗೆರೆಯು ಅಡ್ಡಕ್ಕೋ ಉದ್ದಕ್ಕೋ ನಿಖರವಾದ ಮೂಲೆಗೋ ನೆಟ್ಟಗೆ ನಿಲ್ಲುತ್ತದೆ. ಅದೇ ಕೀಲಿಯನ್ನು ಹಿಡಿದು ಆಯತವನ್ನು ಎಳೆದರೆ ಚೌಕವೂ, ಅಂಡವೃತ್ತವನ್ನು ಎಳೆದರೆ ವೃತ್ತವೂ ದೊರೆಯುತ್ತವೆ. ಬಾಗುಗೆರೆಯ ಉಪಕರಣದಿಂದ ಮೊದಲು ನೆಟ್ಟಗೊಂದು ಗೆರೆ ಎಳೆದು, ಬಳಿಕ ಅದನ್ನು ಎರಡು ಬಾರಿ ಬೇಕಾದತ್ತ ಬಗ್ಗಿಸಬಹುದು.

ಅಲ್ಲಿಂದ ಮುಂದಕ್ಕೆ ಹೋಗುವವರಿಗೆ ಇಂಕ್‌ಸ್ಕೇಪ್ ಎಂಬ ತಂತ್ರಾಂಶವಿದೆ. ಇದು ೨೦೦೩ರಲ್ಲಿ ಆರಂಭವಾದದ್ದು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಇದು ಗೆರೆಗಳನ್ನು ನೆನಪಿಟ್ಟುಕೊಳ್ಳುವ ಜಾತಿಗೆ ಸೇರಿದೆ. ಲೇಖನಿಯ ಉಪಕರಣದಿಂದ ಒಂದೊಂದೇ ಚುಕ್ಕಿಯನ್ನು ಒತ್ತುತ್ತ ಹೋದರೆ ನೆಟ್ಟಗಿನ ಗೆರೆಗಳು ಮೂಡುತ್ತವೆ. ಒತ್ತಿ ಎಳೆದರೆ ಗೆರೆ ಬಾಗುತ್ತದೆ. ಎಂಟರ್ ಕೀಲಿಯಿಂದ ಮುಗಿಯುತ್ತದೆ. ಇಲ್ಲಿ ವೃತ್ತಕ್ಕೂ ಚೌಕಕ್ಕೂ ಕಂಟ್ರೋಲ್ ಕೀಲಿಯನ್ನು ಹಿಡಿಯಬೇಕು. ತೆರೆಯ ಮೇಲೆ ಚೌಕಳಿಯನ್ನು ಹಾಸಿಕೊಂಡು, ಅದಕ್ಕೆ ಅಂಟಿಕೊಳ್ಳುವಂತೆ ಅಪ್ಪಣೆ ಕೊಟ್ಟರೆ, ಕೈ ಸ್ವಲ್ಪ ಆಚೀಚೆಯಾದರೂ ಗೆರೆಯ ತುದಿಯು ಸಮೀಪದ ಸಂಧಿಗೆ ಹೋಗಿ ಸೇರುತ್ತದೆ. ಸ್ಕೆಚ್‌ಪ್ಯಾಡಿನ ಔದಾರ್ಯ ಇಲ್ಲಿಯೂ ಉಳಿದುಬಂದಿದೆ.

ಚುಕ್ಕಿಯ ವ್ಯಾಕರಣ

ಚುಕ್ಕಿಗೂ ಎಳೆಗೂ ಇರುವ ಈ ಸಂಬಂಧವನ್ನು ಪಾಶ್ಚಾತ್ಯರು ಮಾತ್ರ ಅರಿತಿದ್ದರೆಂದು ತಿಳಿಯಬೇಕಾಗಿಲ್ಲ. ರಂಗವಲ್ಲಿಯ ತಮಿಳು ಸೋದರಿಯಾದ ಕೋಲಮ್ಮನ್ನು ಮದರಾಸಿನ ವಿದ್ವಾಂಸರಾದ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು ಗಣಕವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ, ೧೯೭೪ರಲ್ಲಿ ಗಣಕಚಿತ್ರವಿದ್ಯೆಗೆ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದರು. ವಾಕ್ಯಕ್ಕೆ ವ್ಯಾಕರಣವಿರುವಂತೆ ಕೋಲಮ್ಮಿಗೂ ವ್ಯಾಕರಣವುಂಟು. ಕೆಲವೇ ನಿಯಮಗಳಿಂದ ಒಂದು ವರ್ಗದ ಚಿತ್ರಗಳನ್ನೆಲ್ಲ ಹೊರಡಿಸಬಹುದು ಎಂಬುದನ್ನು ಅವರು ತೋರಿಸಿದರು. ಅಂಗಳದಲ್ಲಿ ಬಗ್ಗಿ ನಿಂತ ಹೆಂಗಸರು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಜ್ಞಾನ ಹೀಗೆ ಗಣಕವಿಜ್ಞಾನದ ಪುಟಗಳನ್ನು ಸೇರಿತು.

ಮೈಸೂರಿನ ಆ ಮನೆಯಲ್ಲಿ ಮುಂದೇನಾಯಿತು? ಕಾಲೇಜಿಗೆ ಹೋಗುವ ಅಣ್ಣನೊಬ್ಬನು ತಂಗಿಗೆ ಇಂಕ್‌ಸ್ಕೇಪನ್ನು ತೋರಿಸಿಕೊಟ್ಟನು. ತೆರೆಯ ಮೇಲೆ ಚೌಕಳಿ ಹಾಸಿತು. ಮೊಮ್ಮಗಳು ಅಜ್ಜಿಯನ್ನು ಬಲವಂತದಿಂದ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಐದು ಸಾಲು, ಸಾಲಿಗೆ ಐದರಂತೆ ಚುಕ್ಕಿಗಳು ಕುಳಿತವು.

“ಈಗ ಹೇಳು ಅಜ್ಜೀ.”

“ಇದರಿಂದ ಅದಕ್ಕೆ. ಹ್ಞೂಂ, ಅಲ್ಲಿಂದ ಕೆಳಗಿನದಕ್ಕೆ. ಅಯ್ಯೋ, ಅದನ್ನ ಮುಟ್ಟಬೇಡ, ಬಳಸಿಕೊಂಡು ಹೋಗು...”

ಹತ್ತು ನಿಮಿಷಗಳಾದ ಮೇಲೆ ಅಜ್ಜಿಗೆ ತಾಳ್ಮೆ ತಪ್ಪಿತು. “ಕೊಡಿಲ್ಲಿ” ಎಂದು ಮೌಸನ್ನು ತಾವೇ ಹಿಡಿದರು. ಕೈ ನಡುಗಿತು, ತೆರೆಯ ಮೇಲಿನ ಬಾಣದ ಗುರುತೂ ನಡುಗಿತು. ಆದರೆ ಗುರುತು ಚುಕ್ಕಿಯ ಬಳಿಗೆ ಬಂದ ಕೂಡಲೇ ಗೆರೆಯ ತುದಿ ತಾನಾಗಿ ಅಲ್ಲಿಗೆ ಅಂಟಿಕೊಂಡಿತು. ಒಂದು, ಎರಡು, ಮೂರು... ಗೆರೆಗಳು ನೆಟ್ಟಗೆ ನಿಂತವು. ಅಜ್ಜಿ ಏನೂ ಮಾತನಾಡಲಿಲ್ಲ. ಸಂಜೆಯ ಕಾಫಿಗೆ ಕರೆದರೂ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತೆರೆಯ ಮೇಲೆ, ಎರಡು ವರ್ಷಗಳಿಂದ ಅಂಗಳ ಕಾಣದಿದ್ದ ರಂಗವಲ್ಲಿಯೊಂದು ಪೂರ್ತಿಯಾಗಿತ್ತು.

ಮಾರನೆಯ ಬೆಳಗ್ಗೆ ಆ ಚಿತ್ರವನ್ನು ಅಚ್ಚುಮಾಡಿದ ಹಾಳೆಯನ್ನು ಹಿಡಿದು ಮೊಮ್ಮಗಳು ಹೊಸ್ತಿಲ ಮುಂದೆ ಕುಳಿತಳು. ಪಕ್ಕದ ಜಗುಲಿಯ ಮೇಲೆ ಅಜ್ಜಿ. ಹುಡುಗಿ ಪುಡಿಯಿಂದ ಇಪ್ಪತ್ತೈದು ಚುಕ್ಕಿಗಳನ್ನಿಟ್ಟು ಎಳೆಯತೊಡಗಿದಳು. ಅಂಗಳದ ನೆಲಕ್ಕೆ ಅಂಟಿಸಿಕೊಳ್ಳುವ ಗುಣವಿಲ್ಲವಷ್ಟೆ. ಎಳೆ ದಪ್ಪವಾಯಿತು, ತೆಳುವಾಯಿತು, ಅಲ್ಲಲ್ಲಿ ನಡುಗಿತು. ಅವಳು ಮುಖ ಸಣ್ಣದು ಮಾಡಿಕೊಂಡು ಅಜ್ಜಿಯ ಕಡೆ ನೋಡಿದಳು.

“ಇರಲಿ ಬಿಡು” ಎಂದರು ಅಜ್ಜಿ. “ಚುಕ್ಕಿ ಸರಿಯಾಗಿ ಬಿದ್ದಿವೆ. ಕೈ ಆಮೇಲೆ ತಾನಾಗಿ ಬರುತ್ತೆ.”